ಶ್ರೀನಿವಾಸಪುರದಲ್ಲಿ ಕೆಟ್ಟು ನಿಂತ ಮೋಟಾರು

ಮುಳಬಾಗಿಲು,
೧೮ನೇ ಅಕ್ಟೋಬರ್ ೧೯೪೫, ಗುರುವಾರ.

ಪ್ರೀತಿಯ ರಾಮಚಂದ್ರ,

ನಿನ್ನ ಸೋದರಮಾವ ಕೋದಂಡರಾಮಪ್ಪ ಮನಸಾರೆ ಹರಸಿ ಬರೆಯುವ ಕಾಗದವಿದು. ಮೈ ಹೇಗಿದೆಯಪ್ಪ? ಚಳಿಜ್ವರ ಬಂದು ಎಂಟು ದಿನ ಫೌಜಿನ ಆಸ್ಪತ್ರೆಯಲ್ಲಿ ಮಲಗಿದ್ದೆನೆಂದು ಬರೆದಿದ್ದೆಯಲ್ಲ, ಆಮೇಲೆ ಮರುಕಳಿಸಲಿಲ್ಲ ತಾನೆ? ಕ್ವಿನೈನ್ ಗುಳಿಗೆಯನ್ನು ನಾಲಿಗೆಗೆ ತಾಕಿಸದೆ ನುಂಗು, ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊ ಎಂದು ನಿನ್ನ ಅತ್ತೆ ಭಾರತಮ್ಮ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಆ ಅಸ್ಸಾಮಿನ ಕಾಡಿನಲ್ಲಿ ಬೆಲ್ಲ ಎಲ್ಲಿಂದ ಬರಬೇಕು ಎಂದರೆ ಕೇಳುವುದಿಲ್ಲ. ಅವಳಿಗೆ ಮಂಡಿನೋವು, ನನ್ನ ಎಡಗಣ್ಣಿಗೆ ಪೊರೆ. ಅದು ಬಿಟ್ಟರೆ ಇಬ್ಬರೂ ಚೆನ್ನಾಗಿದ್ದೇವೆ. ಹುಣಿಸೆಹಣ್ಣಿನ ಮಂಡಿ ನಡೆದುಕೊಂಡು ಹೋಗುತ್ತಿದೆ. ಹಸ್ತ ಮಳೆ ಎರಡು ಸಲ ಚೆನ್ನಾಗಿ ಬಂತು, ಹೊಲದಲ್ಲಿ ರಾಗಿ ತೆನೆ ಬಿಟ್ಟಿದೆ. ಮೊನ್ನೆ ಆಯುಧಪೂಜೆಗೆ ಮಂಡಿಯ ತಕ್ಕಡಿಗೂ ತೂಕದ ಕಲ್ಲುಗಳಿಗೂ ಕುಂಕುಮವಿಟ್ಟು ಕೈಮುಗಿದೆವು. ಅಷ್ಟಕ್ಕೇ ಪೂಜೆ ಮುಗಿಯಿತು. ನಿನ್ನ ಅತ್ತೆ ಈಗ ಒಲೆ ನೋಡಲು ಎದ್ದು ಹೋದಳು. ಇನ್ನು ಮುಂದಿನದನ್ನು ನಾನೊಬ್ಬನೇ ಬರೆಯಬೇಕು.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಯುದ್ಧ ಮುಗಿಯಿತು, ಜನವರಿಯೊಳಗೆ ಬಿಡುಗಡೆಯಾಗುತ್ತದೆ, ನೇರವಾಗಿ ಮುಳಬಾಗಿಲಿಗೇ ಬಂದು ಮೊದಲಿನ ಹಾಗೆ ನಿಮ್ಮ ಮೋಟಾರು ನೋಡಿಕೊಂಡು ಇರುತ್ತೇನೆ ಎಂದಿದ್ದೀಯೆ. ರೇಡಿಯೇಟರು ಇನ್ನೂ ಕುದಿಯುತ್ತದೆಯೆ, ಬ್ರೇಕು ಎಡಕ್ಕೆ ಎಳೆಯುತ್ತದೆಯೆ ಎಂದು, ಊರಲ್ಲಿ ಬಿಟ್ಟುಹೋದ ಹಸುವನ್ನು ಕೇಳುವ ಹಾಗೆ ಕೇಳಿದ್ದೀಯೆ. ಅದನ್ನು ಓದಿ ನಗು ಬಂತು. ಆದರೆ ಕೊನೆಯಲ್ಲಿ ಬರೆದ ಮಾತು ಓದಿದ ಮೇಲೆ ಕಾಗದ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡವನು ಅತ್ತೆಗೂ ತೋರಿಸಲಿಲ್ಲ. “ಅಮ್ಮನ ಕೊನೇ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ಕೂತಿದ್ದಿರಿ, ಅದೊಂದೇ ನನಗೆ ಸಮಾಧಾನ ಮಾವ” ಎಂದಿದ್ದೀಯೆ. ರಾಮಚಂದ್ರ, ನಾನು ಕೂತಿರಲಿಲ್ಲ. ನಿಮ್ಮಮ್ಮ ತೀರಿಕೊಂಡಾಗ ನಾನು ರಾಯಲ್ಪಾಡಿನಲ್ಲೇ ಇರಲಿಲ್ಲ. ಒಂದೂ ಮುಕ್ಕಾಲು ವರ್ಷದ ಹಿಂದೆ ಆ ಸುದ್ದಿ ಬರೆದಾಗ, “ನಾನು ಹೋಗಿದ್ದೆ, ಎಲ್ಲವನ್ನೂ ಮುಂದೆ ನಿಂತು ಮಾಡಿಸಿದೆ” ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ನೀನು ಹೀಗೆಯೇ ತಿಳಿದುಕೊಳ್ಳಲಿ ಎಂದೇ ಹಾಗೆ ಬರೆದೆ. ಊರಿಗೆ ಬಂದ ದಿನವೇ ಯಾರಾದರೂ ನಿನಗೆ ನಿಜ ಹೇಳುತ್ತಾರೆ. ಅದಕ್ಕೆ ಮುಂಚೆ ನನ್ನ ಕೈಯಿಂದಲೇ ಗೊತ್ತಾಗಲಿ.

ಮೊದಲು ಮೋಟಾರಿನ ವಿಚಾರ. ಅದು ಈಗ ನಮ್ಮಲ್ಲಿಲ್ಲ. ಕಳೆದ ಬೇಸಿಗೆಯಲ್ಲಿ ಮಾರಿಬಿಟ್ಟೆ. ಕ್ಯಾಲನೂರಿನ ರೈತರೊಬ್ಬರು ಎಂಜಿನ್ನನ್ನು ಬಾವಿಯ ನೀರೆತ್ತಲು ತೆಗೆದುಕೊಂಡು ಹೋದರು. ಟೈರುಗಳನ್ನು ಬಸ್ಸಿನವರು ಒಯ್ದರು. ಬರಿಯ ಮೈ ಮಾತ್ರ ಅವರ ಕಣದ ಮೂಲೆಯಲ್ಲಿ ಬಿದ್ದಿದೆ, ಒಳಗೆ ಕೋಳಿ ಮೊಟ್ಟೆ ಇಡುತ್ತವಂತೆ. ನಿನಗೆ ನೋವಾಗುತ್ತದೆ, ಗೊತ್ತು. ಅದನ್ನು ನನಗಿಂತ ಹೆಚ್ಚು ಪ್ರೀತಿಸಿದವನು ನೀನು. ನಾನು ಪ್ರೀತಿಸಿದ್ದು ಅದರಿಂದ ಇಳಿಯುವಾಗ ಜನ ನನ್ನನ್ನು ನೋಡುವುದನ್ನು.

ಚಿನ್ನದ ಗಣಿಯ ದೊರೆಯೊಬ್ಬರು ತಮ್ಮ ಸೀಮೆಗೆ ವಾಪಸ್ಸು ಹೊರಟಾಗ ಅದನ್ನು ಕೊಂಡೆವಲ್ಲ, ಮೂವತ್ತಾರನೇ ಇಸವಿಯಲ್ಲಿ. ಆಗಲೇ ಅದಕ್ಕೆ ಎಂಟು ವರ್ಷ. ಹೊಸದಾಗಿದ್ದಾಗ ಬೆಂಗಳೂರಿನಲ್ಲೂ ಅಂಥವು ಹತ್ತಿಪ್ಪತ್ತು ಇದ್ದಿರಬಹುದು, ಅಷ್ಟೇ. ಚರ್ಮದ ಮೆತ್ತೆ, ಹಿಂದಿನ ಕಿಟಕಿಗೆ ರೇಷ್ಮೆ ಪರದೆ, ಬಾಗಿಲ ಪಕ್ಕದಲ್ಲಿ ಹೂವಿಡಲು ಗಾಜಿನ ಕುಪ್ಪಿ. ಕೊಂಡ ಕ್ರಯ ಕಡಿಮೆಯೇ, ಅದರಲ್ಲೇ ನಾನು ಮೋಸಹೋದೆ. ಅಷ್ಟು ಕಡಿಮೆಗೆ ಯಾಕೆ ಕೊಡುತ್ತಾರೆ ಎಂದು ನೀನು ಕೇಳಿದೆ. ಆಗ ನಿನಗಿನ್ನೂ ಇಪ್ಪತ್ತು. ನಿಮ್ಮಪ್ಪ ಹೋದ ಮೇಲೆ ರಾಯಲ್ಪಾಡಿನಿಂದ ನಮ್ಮ ಮನೆಗೆ ಬಂದು ಎರಡು ವರ್ಷವಾಗಿತ್ತು. “ದೊರೆಗಳಿಗೆ ಏನೋ ಅವಸರ” ಎಂದೆ. ಮೊದಲ ಬೇಸಿಗೆಯಲ್ಲೇ ಕಾರಣ ತಿಳಿಯಿತು. ಗಾಲಿಯ ಮರದ ಕಡ್ಡಿಗಳು ನಮ್ಮ ಸೀಮೆಯ ಬಿಸಿಲಿಗೆ ಒಣಗಿ ಕಿರುಗುಟ್ಟತೊಡಗಿದವು. ನೀನು ದಿನಾ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ನಾಲ್ಕು ಗಾಲಿಗೂ ಹುಯ್ದು, ಗೋಣಿಚೀಲ ಒದ್ದೆ ಮಾಡಿ ಸುತ್ತುತ್ತಿದ್ದೆ. ಅದನ್ನು ಕಂಡು ನಿನ್ನ ಅತ್ತೆ, “ಈ ಮೋಟಾರಿಗೆ ಮಾಡೋ ಬಾಣಂತನಾನ ಹೆತ್ತ ಮಗಳಿಗೂ ಯಾರೂ ಮಾಡಲ್ಲ” ಎಂದಿದ್ದಳು. ನಗುತ್ತಲೇ ಅಂದಳು, ಆದರೆ ನಮಗೆ ಮಕ್ಕಳಿಲ್ಲ, ಆ ಮಾತು ಆಡಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ಒಂದೊಂದಾಗಿ ಎಲ್ಲವೂ ಬಂದವು. ಏರಿನಲ್ಲಿ ರೇಡಿಯೇಟರು ಕುದಿಯುವುದು, ಚಳಿಗಾಲದಲ್ಲಿ ಬ್ಯಾಟರಿ ಸತ್ತು ಹ್ಯಾಂಡಲ್ ತಿರುಗಿಸುವುದು, ಮಳೆ ಬಂದರೆ ಮೇಲಿನ ಕ್ಯಾನ್ವಾಸು ಸೋರಿ ಮೆತ್ತೆಯೆಲ್ಲ ನೆನೆಯುವುದು. ಒಂದು ಸಲ ಮದರಾಸಿನಿಂದ ಬಿಡಿಭಾಗ ಬರಬೇಕೆಂದು ನಾಲ್ಕು ತಿಂಗಳು ಕೊಟ್ಟಿಗೆಯಲ್ಲೇ ನಿಂತಿತ್ತು. ಯುದ್ಧ ಶುರುವಾದ ಮೇಲೆ ಟೈರಿನ ಬೆಲೆ ಕೇಳಿ ನಿನ್ನ ಅತ್ತೆ ತಾನೇ ತೋಳಿನ ವಂಕಿ ಬಿಚ್ಚಿಕೊಟ್ಟಳು. ಬೈದು ಕೊಟ್ಟಿದ್ದರೆ ಚೆನ್ನಾಗಿತ್ತು. ಮಂಡಿಯಲ್ಲಿ ವರ್ಷವೆಲ್ಲ ದುಡಿದ ಲಾಭದಲ್ಲಿ ಮೂರನೇ ಒಂದು ಪಾಲು ಅದರ ಹೊಟ್ಟೆಗೇ ಹೋಗುತ್ತಿತ್ತು. ಆದರೂ ಅದು ಓಡುತ್ತಿತ್ತು. ಓಡುತ್ತಿದ್ದದ್ದು ನಿನ್ನಿಂದ. ಎಂಜಿನ್ನಿನ ಸದ್ದಿನಲ್ಲೇ ಯಾವುದು ಸಡಿಲವಾಗಿದೆ ಎಂದು ಹೇಳುತ್ತಿದ್ದೆ. ಜನ ನನ್ನನ್ನು “ಮೋಟಾರು ಕೋದಂಡರಾಮಪ್ಪ” ಎನ್ನುತ್ತಿದ್ದರು. ನಿನ್ನ ಹೆಸರನ್ನು ಯಾರೂ ಅದರ ಜೊತೆ ಸೇರಿಸಲಿಲ್ಲ, ನಾನೂ ಸೇರಿಸಲಿಲ್ಲ.

ಈಗ ಆ ಪೆಟ್ರೋಲಿನ ಮಾತು. ನಲವತ್ತೆರಡನೇ ಇಸವಿಯ ಆಷಾಢ. ಪೆಟ್ರೋಲಿಗೆ ಕೂಪನ್ನು ಬಂದು ಒಂದು ವರ್ಷವಾಗಿತ್ತು. ಕೂಡಿಟ್ಟ ಕೂಪನ್ನುಗಳನ್ನೆಲ್ಲ ಕೊಟ್ಟು ಕೋಲಾರದಲ್ಲಿ ಟ್ಯಾಂಕು ತುಂಬಿಸಿಕೊಂಡು ಬಂದೆ. ಮೂರನೇ ದಿನ ಅಳತೆಕೋಲು ಇಳಿಬಿಟ್ಟು ನೋಡಿದರೆ ನಾಲ್ಕು ಗ್ಯಾಲನ್ ಕಡಿಮೆ. ಅದು ಮೊದಲನೇ ಸಲವೂ ಅಲ್ಲ. “ಎಲ್ಲೋ ಸೋರ್ತೈತೆ ಮಾವ, ಕೊಟ್ಟಿಗೆಯಾಗೆ ವಾಸನೆ ನೋಡಿ” ಎಂದು ನೀನು ಎರಡು ತಿಂಗಳಿಂದ ಹೇಳುತ್ತಿದ್ದೆ. ಆದರೆ ಟ್ಯಾಂಕಿನ ಅಡಿಯಲ್ಲಿ ಒಂದು ಹನಿಯೂ ಕಾಣುತ್ತಿರಲಿಲ್ಲ. ಕಳ್ಳಪೇಟೆಯಲ್ಲಿ ಒಂದು ಗ್ಯಾಲನ್ನಿಗೆ ಏನು ಸಿಕ್ಕುತ್ತದೆ ಎಂದು ಮಂಡಿಯಲ್ಲಿ ದಿನಾ ಮಾತು. ಆ ದಿನ ಮಂಡಿಯಲ್ಲಿ ನಾಲ್ಕು ಜನ ವ್ಯಾಪಾರಸ್ಥರು ಕೂತಿದ್ದರು, ಒಬ್ಬ ಏನೋ ಕುಚೋದ್ಯ ಮಾಡಿದ, ಅವರ ಮುಂದೆ ನಿನ್ನನ್ನು ಕರೆದು, “ಏನ್ಲಾ, ಎಷ್ಟಕ್ಕೆ ಮಾರ್ದೆ?” ಎಂದು ಕೇಳಿಬಿಟ್ಟೆ. ನೀನು ನನ್ನ ಮುಖವನ್ನೇ ನೋಡಿದೆ. ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೇನೋ ಎಂದು ಕಾಯುತ್ತಿದ್ದ ಹಾಗಿತ್ತು. ಬೀಗದಕೈ ಕೊಟ್ಟು ಹೋಗು ಎಂದೆ. ಬೀಗದಕೈಯನ್ನೂ ಅಳತೆಕೋಲನ್ನೂ ಗಾದಿಯ ಮೇಲಿಟ್ಟು, ಬಗ್ಗಿ ನನ್ನ ಕಾಲು ಮುಟ್ಟಿ ಹೊರಟೆ. ಸಂಜೆಗೆ ಬರುತ್ತೀಯೆಂದುಕೊಂಡಿದ್ದೆ. ನೀನು ರಾಯಲ್ಪಾಡಿಗೆ ಹೋಗಿ, ಅಲ್ಲಿಂದ ಮಾರನೇ ದಿನವೇ ಬೆಂಗಳೂರಿಗೆ ಹೋಗಿ ಫೌಜಿಗೆ ಸೇರಿದ್ದು ಹದಿನೈದು ದಿನದ ಮೇಲೆ ತಿಳಿಯಿತು.

ನೀನು ಹೋದ ಮೇಲೂ ಪೆಟ್ರೋಲು ಕಡಿಮೆಯಾಗುತ್ತಲೇ ಇತ್ತು. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಎರಡು ಸಲ ಅಳೆದು ನೋಡಿದೆ, ಎರಡು ಸಲವೂ ಹಾಗೆಯೇ ಆಯಿತು. ಕೊಟ್ಟಿಗೆಯ ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಆಮೇಲೆ ನಾನು ಅಳೆಯುವುದನ್ನೇ ಬಿಟ್ಟೆ. ನಿಮ್ಮಮ್ಮನನ್ನು ನೋಡಲು ಹೋಗುವುದನ್ನೂ ಕಡಿಮೆ ಮಾಡಿದೆ. ನೀನು ಅವಳಿಗೆ ಎಲ್ಲವನ್ನೂ ಹೇಳಿಯೇ ಹೋಗಿರುತ್ತೀಯೆ, “ನನ್ನ ಮಗನನ್ನ ಕಳ್ಳ ಅಂದ್ಯಾ ಅಣ್ಣಾ” ಎಂದು ಅವಳು ಕೇಳಿದರೆ ಏನು ಹೇಳಲಿ ಎಂಬುದೇ ಆಗ ನನ್ನ ಯೋಚನೆ. ಸಂಕ್ರಾಂತಿಗೊಮ್ಮೆ, ಯುಗಾದಿಗೊಮ್ಮೆ ಹೋಗಿ, ಸೀರೆ ಕೊಟ್ಟು, ನೀರು ಕುಡಿದು ಬಂದುಬಿಡುತ್ತಿದ್ದೆ. ಅವಳು ಏನೋ ಹೇಳಲು ಬಾಯಿ ತೆರೆಯುವ ಹೊತ್ತಿಗೆ ನಾನು ಎದ್ದಿರುತ್ತಿದ್ದೆ.

ನಲವತ್ನಾಲ್ಕನೇ ಇಸವಿ ಫೆಬ್ರವರಿಯಲ್ಲಿ ರಾಯಲ್ಪಾಡಿನ ಸ್ಕೂಲು ಮೇಷ್ಟ್ರು ಒಂದು ಚೀಟಿ ಬರೆದು ಕಳಿಸಿದರು. ನಿಮ್ಮ ತಂಗಿ ಮುತ್ಯಾಲಮ್ಮನವರಿಗೆ ಉಸಿರು ಕಟ್ಟುತ್ತಿದೆ, ಕಾಲು ಊದಿಕೊಂಡಿದೆ, ನಿಮ್ಮನ್ನೇ ಕರೆಯುತ್ತಿದ್ದಾರೆ ಎಂದು. ಚೀಟಿ ತಂದವನು ನಿಮ್ಮ ಕೇರಿಯವನು. ಅವಳು ಹೇಳಿ ಕಳಿಸಿದ್ದನ್ನು ಅವಳ ತೆಲುಗಿನಲ್ಲೇ ಒಪ್ಪಿಸಿದ: “ಅನ್ನನಿ ತೊಂದರಗಾ ರಮ್ಮನು.” ಅಣ್ಣನಿಗೆ ಬೇಗ ಬರಲು ಹೇಳು. ಆಗ ಬೆಳಿಗ್ಗೆ ಎಂಟು ಗಂಟೆ. ಒಂಬತ್ತಕ್ಕೆ ಶ್ರೀನಿವಾಸಪುರದ ಬಸ್ಸು, ಅಲ್ಲಿಂದ ಎರಡು ಗಂಟೆಗೆ ರಾಯಲ್ಪಾಡಿನ ಮೇಲೆ ಮದನಪಲ್ಲಿಗೆ ಹೋಗುವ ಬಸ್ಸು. “ಬಸ್ಸಿಗೇ ಹೋಗ್ಬಿಡಿ, ಸಂಜೆಗೆ ಮುಂಚೆ ಅಲ್ಲಿರ್ತೀರ” ಎಂದಳು ನಿನ್ನ ಅತ್ತೆ. ಮೋಟಾರಿನಲ್ಲಾದರೆ ಅವಳನ್ನು ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಕರೆತರಬಹುದಲ್ಲ ಎಂದೆ. ಆ ಮಾತೂ ನಿಜವೇ. ಅದರ ಜೊತೆಗೆ ಇನ್ನೊಂದು ನಿಜವೂ ಇತ್ತು. ನಿಮ್ಮಪ್ಪನ ಮನೆಯವರು ಮದುವೆಯಲ್ಲಿ ನಮ್ಮನ್ನು ಹುಣಿಸೆಹಣ್ಣಿನವರು ಎಂದು ಹಗುರವಾಗಿ ಆಡಿದ್ದರು. ಮೋಟಾರು ಬಂದ ಮೇಲೆ ಅವರೇ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಆ ಬಸ್ಸಿನಿಂದ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಅವರ ಮುಂದೆ ಇಳಿಯುವುದು ನನಗೆ ಬೇಡವಾಗಿತ್ತು.

ನಾನೇ ಓಡಿಸಿಕೊಂಡು ಹೊರಟೆ. ನಿನ್ನ ಹತ್ತಿರ ಅರ್ಧಂಬರ್ಧ ಕಲಿತದ್ದೇ ನನ್ನ ವಿದ್ಯೆ. ಶ್ರೀನಿವಾಸಪುರ ಇನ್ನು ಎರಡು ಮೈಲಿ ಇರುವಾಗ ಮುಂದಿನಿಂದ ಬಿಳಿ ಹಬೆ ಎದ್ದಿತು. ನೀನಾಗಿದ್ದರೆ ಅಲ್ಲೇ ನಿಲ್ಲಿಸಿ ಆರಲು ಬಿಡುತ್ತಿದ್ದೆ. ನಾನು ಊರು ಬಂತಲ್ಲ ಎಂದು ಓಡಿಸಿದೆ. ಪೇಟೆ ಬೀದಿಯಲ್ಲಿ ದಸ್ತಗೀರ್ ಸಾಬರ ಷೆಡ್ಡಿನ ಮುಂದೆ ಅದು ಕೆಮ್ಮಿ ನಿಂತಿತು. ಸಾಬರು ಬಿಚ್ಚಿ ನೋಡಿ, ಎಂಜಿನ್ನಿನ ತಲೆಯ ಕೆಳಗೆ ಹಾಸಿರುವ ತಾಮ್ರದ ತಗಡು ಸುಟ್ಟು ನೀರು ಒಳಕ್ಕೆ ಹೋಗಿದೆ ಎಂದರು. ಹೊಸದು ಬೇಕೆಂದರೆ ಯುದ್ಧದ ಕಾಲದಲ್ಲಿ ಎಲ್ಲಿ ಸಿಗಬೇಕು? ತಾಮ್ರದ ಪಾತ್ರೆ ಮಾಡುವವರ ಹತ್ತಿರ ತಗಡು ಕತ್ತರಿಸಿ ಮಾಡಿಸೋಣ, ಸಂಜೆಗೆ ಆಗಬಹುದು ಎಂದರು. ಅದೇ ಹೊತ್ತಿಗೆ ಎರಡು ಗಂಟೆಯ ಬಸ್ಸು ಷೆಡ್ಡಿನ ಎದುರಿಗೇ ಬಂದು ನಿಂತಿತು. ಕಂಡಕ್ಟರು ನನ್ನನ್ನು ನೋಡಿ, “ಸ್ವಾಮಿ, ರಾಯಲ್ಪಾಡಾ? ಮುಂದೆ ಜಾಗ ಐತೆ, ಬನ್ನಿ” ಎಂದು ಕರೆದ. ಸಾಬರೂ, “ಹೋಗಿ ಸಾಮಿ, ಗಾಡಿ ಎಲ್ಲೋಗ್ತೈತೆ, ನಾನಿದೀನಿ” ಎಂದರು. ಸಂಜೆಗೆ ಆಗುತ್ತದಲ್ಲ ಎಂದು ನಾನು ಕೈ ಆಡಿಸಿದೆ. ಬಸ್ಸು ಹೊರಟುಹೋಯಿತು.

ಸಂಜೆ ಜೋಡಿಸಿದ ತಗಡು ನಿಲ್ಲಲಿಲ್ಲ. ಮಾರನೇ ಬೆಳಿಗ್ಗೆ ಇನ್ನೊಂದು ಮಾಡಿಸಲು ಕೂತರು. ಅದು ಆಗುವಷ್ಟರಲ್ಲಿ ಪೆಟ್ರೋಲಾದರೂ ತುಂಬಿಸೋಣ ಎಂದು ಹಿಂದೆ ಇಟ್ಟುಕೊಂಡಿದ್ದ ಎರಡು ಡಬ್ಬ ಕೊಟ್ಟೆ. ಸಾಬರು ಟ್ಯಾಂಕಿಗೆ ಹುಯ್ಯುತ್ತಿದ್ದವರು ನಿಲ್ಲಿಸಿ, ಮಂಡಿಯೂರಿ, ಟ್ಯಾಂಕಿನ ಮೇಲ್ಭಾಗದಲ್ಲಿ ಹಿಂಬದಿಯ ಬೆಸುಗೆಯ ಮೇಲೆ ಬೆರಳಾಡಿಸಿದರು. ಬೆರಳು ಒದ್ದೆಯಾಗಿತ್ತು. ನನಗೂ ಬಗ್ಗಿ ನೋಡಲು ಹೇಳಿದರು. ಕೂದಲೆಳೆಯಷ್ಟು ಸೀಳು. ಅರ್ಧಕ್ಕಿಂತ ಹೆಚ್ಚು ತುಂಬಿದಾಗ ಮಾತ್ರ ಪೆಟ್ರೋಲು ಅಲ್ಲಿಗೆ ಏರಿ, ಜಿನುಗಿ, ಟ್ಯಾಂಕಿನ ಮೈ ಮೇಲೆಯೇ ಹರಡಿ ಆರಿಹೋಗುತ್ತಿತ್ತು. ಕೆಳಗೆ ಹನಿ ಬೀಳಲು ಏನೂ ಉಳಿಯುತ್ತಿರಲಿಲ್ಲ. “ಇದು ಇವತ್ತಿಂದಲ್ಲ ಸಾಮಿ. ಧೂಳು ಕೂತು ಹೆಂಗೆ ಗಟ್ಟಿಯಾಗೈತೆ ನೋಡಿ, ಎಷ್ಟೋ ವರ್ಷದ್ದು. ನಿಮ್ಮ ಡ್ರೈವರು ಹೇಳ್ಲಿಲ್ವಾ?” ಎಂದರು. ಹೇಳಿದ್ದ ಎಂದೆ. ಅವರು ಸಾಬೂನು ಮಿದ್ದು ಸೀಳಿಗೆ ಮೆತ್ತಿದರು. ಎರಡು ಕಾಸಿನ ಸಾಬೂನು. ಅಷ್ಟಕ್ಕೇ ಸೋರುವುದು ನಿಂತಿತು.

ನಾನು ಷೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಬಸ್ಸು ಮತ್ತೆ ಬಂತು. ಅದೇ ಕಂಡಕ್ಟರು. “ಇನ್ನೂ ಇಲ್ಲೇ ಇದ್ದೀರಾ?” ಎಂದ. ರಾಮಚಂದ್ರ, ಮೊದಲನೇ ದಿನ ನಾನು ಬಸ್ಸು ಹತ್ತದಿದ್ದದ್ದು ಜಂಬಕ್ಕೆ. ಎರಡನೇ ದಿನ ಹತ್ತದಿದ್ದದ್ದು ಹೆದರಿಕೆಗೆ. ನೀನು ಕದ್ದಿಲ್ಲವೆಂದು ಈಗ ನನಗೆ ಖಂಡಿತವಾಗಿ ಗೊತ್ತಾಗಿತ್ತು. ಅವಳ ಹಾಸಿಗೆಯ ಪಕ್ಕ ಕೂತರೆ ಅದನ್ನು ಹೇಳಲೇಬೇಕು. ನನ್ನ ತಪ್ಪು ಎಂದು, ಅವಳ ಗಂಡನ ಮನೆಯವರು ನಿಂತಿರುವಾಗ, ತಂಗಿಯ ಕಾಲ ಬಳಿ ಕೂತು ಹೇಳಬೇಕು. ಮೋಟಾರು ಸರಿಹೋಗಲಿ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆ ಬಸ್ಸು ನಾಲ್ಕು ಗಂಟೆಗೆ ರಾಯಲ್ಪಾಡು ಸೇರಿತು. ನಿಮ್ಮಮ್ಮ ದೀಪ ಹಚ್ಚುವ ಹೊತ್ತಿನವರೆಗೂ ಇದ್ದಳಂತೆ. ಎರಡು ಗಂಟೆಗಿಂತ ಹೆಚ್ಚು ಸಿಗುತ್ತಿತ್ತು ನನಗೆ.

ಮೂರನೇ ದಿನ ಬೆಳಿಗ್ಗೆ ಮೋಟಾರು ಎದ್ದಿತು. ಸಾಬರು ನನಗೆ ಹೇಳದೆ ಅದನ್ನು ತೊಳೆಸಿ ಒರೆಸಿದ್ದರು, ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ರಾಯಲ್ಪಾಡಿನ ಕೆರೆಯ ಕಟ್ಟೆ ಎಷ್ಟು ಕಿರಿದೆಂದು ನಿನಗೆ ಗೊತ್ತು, ಎರಡು ಎತ್ತಿನ ಗಾಡಿ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಕಟ್ಟೆಯ ಮೇಲೆ ಅರ್ಧ ಬಂದಿದ್ದೆ. ಆ ತುದಿಯಿಂದ ತಮಟೆ ಕೇಳಿಸಿತು. ಯಾರದೋ ಎಂದುಕೊಂಡೆ. ನಿನ್ನ ದೊಡ್ಡಪ್ಪನ ಮಗ ಕೈಯಲ್ಲಿ ಬೆಂಕಿಯ ಮಡಕೆ ಹಿಡಿದು ಮುಂದೆ ಬರುತ್ತಿದ್ದ. ಅವನನ್ನು ಕಂಡ ಮೇಲೆ ತಿಳಿಯಿತು. ಕಾಲಿಗೆ ಸಿಕ್ಕಿದ್ದನ್ನು ಒತ್ತಿದೆ, ಎಂಜಿನ್ನು ನಿಂತಿತು. ಮತ್ತೆ ಎಷ್ಟು ಮಾಡಿದರೂ ಏಳಲಿಲ್ಲ. ಚಟ್ಟ ಹೊತ್ತವರು ಹತ್ತು ಮಾರು ದೂರದಲ್ಲಿ ಬಿಸಿಲಲ್ಲಿ ಹೆಗಲು ಬದಲಿಸುತ್ತ ನಿಂತರು. ತಮಟೆ ನಿಂತಿತು. ನಾನು ಇಳಿದು ಹ್ಯಾಂಡಲ್ ತಿರುಗಿಸಿದೆ, ಅಂಗೈ ಕಿತ್ತುಬಂತು. ಕೊನೆಗೆ ಯಾರೋ, “ಸ್ಟೇರಿಂಗು ಹಿಡ್ಕೊಳ್ಳಿ ಅಣ್ಣಾ, ನಾವು ತಳ್ತೀವಿ” ಎಂದರು. ಏಳೆಂಟು ಜನ ಮೋಟಾರಿನ ಮುಂಭಾಗಕ್ಕೆ ಕೈಕೊಟ್ಟು ಹಿಂದಕ್ಕೆ ತಳ್ಳತೊಡಗಿದರು. ಅವರ ಹಿಂದೆಯೇ ಚಟ್ಟ ಬಂತು. ಕಟ್ಟೆಯ ಆ ಉದ್ದವನ್ನೆಲ್ಲ ನಾನು ಹಿಂದಕ್ಕೆ ಹೋಗುತ್ತಾ, ಅವಳು ಮುಂದಕ್ಕೆ ಬರುತ್ತಾ, ಗಾಜಿನ ಆಚೆ ಅವಳ ಮುಖ ನೋಡುತ್ತ ಕೂತಿದ್ದೆ. ಹಣೆಯ ಮೇಲೆ ನಾಣ್ಯ ಅಂಟಿಸಿದ್ದರು. ಚಟ್ಟ ಅಲುಗಿದಾಗ ತಲೆ ಒಂದಿಷ್ಟು ಅಲ್ಲಾಡುತ್ತಿತ್ತು, ಬೇಡ ಬೇಡ ಎನ್ನುವ ಹಾಗೆ. ಕೂತಲ್ಲಿಂದ ಇಳಿಯುವ ಹಾಗೂ ಇರಲಿಲ್ಲ, ಗಾಲಿ ತಿರುಗಿದರೆ ಮೋಟಾರು ಕೆರೆಗೆ ಬೀಳುತ್ತಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ನಿಮ್ಮಪ್ಪನ ಮನೆಯವರೂ ತಲೆ ತಗ್ಗಿಸಿ ತಳ್ಳಿದರು.

ಆಮೇಲಿನದು ನಿನಗೆ ಬರೆದಂತೆಯೇ. ಮಣ್ಣಿನಿಂದ ಹಿಡಿದು ಹನ್ನೊಂದನೇ ದಿನದವರೆಗೂ ಮುಂದೆ ನಿಂತು ಎಲ್ಲ ಮಾಡಿಸಿದೆ. ಮೋಟಾರನ್ನು ಜೋಡಿ ಎತ್ತು ಕಟ್ಟಿ ಮುಳಬಾಗಿಲಿಗೆ ಎಳೆಸಿಕೊಂಡು ಬಂದೆ. ಮತ್ತೆ ಅದರ ಬಾಗಿಲು ತೆಗೆಯಲಿಲ್ಲ. ನಿನಗೆ ತಂತಿ ಕೊಟ್ಟೆ, ನಿನಗೆ ರಜ ಸಿಗಲಿಲ್ಲ. ಆಗ ಕಾಗದ ಬರೆಯುವಾಗ ಟ್ಯಾಂಕಿನ ಸೀಳಿನ ವಿಚಾರ ಬರೆಯೋಣವೆಂದು ಲೇಖನಿ ಎತ್ತಿದೆ. ತಾಯಿ ಸತ್ತ ದುಃಖದಲ್ಲಿ ಇರುವವನಿಗೆ ಇದೇಕೆ ಎಂಬ ನೆಪ ಸಿಕ್ಕಿತು. ಆಮೇಲೆ ನಿನ್ನ ದಳ ಯುದ್ಧದ ಮುಂಚೂಣಿಗೆ ಹೋಯಿತು, ಅಲ್ಲಿರುವವನಿಗೆ ಮನಸ್ಸು ಕಲಕುವುದು ಬೇಡ ಎಂಬ ನೆಪ. ಈಗ ಯುದ್ಧವೂ ಮುಗಿದು ನೆಪಗಳೆಲ್ಲ ತೀರಿದವು. ನೀನು ಒಂದು ಹನಿ ಪೆಟ್ರೋಲೂ ಮಾರಿರಲಿಲ್ಲ. ನಾನು ನಾಲ್ಕು ಜನರ ಮುಂದೆ ಅಂದೆ. ಆ ನಾಲ್ಕು ಜನರಲ್ಲಿ ಮೂವರು ಈಗಲೂ ಮಂಡಿಗೆ ಬರುತ್ತಾರೆ. ಮೊನ್ನೆ ಮಂಗಳವಾರ ಅವರು ಕೂತಿರುವಾಗ, ತಪ್ಪು ನನ್ನದು, ಟ್ಯಾಂಕು ಸೋರುತ್ತಿತ್ತು, ನನ್ನ ಅಳಿಯ ಹೇಳಿದ್ದನ್ನು ನಾನು ಕೇಳಲಿಲ್ಲ ಎಂದು ಹೇಳಿದೆ. ಅವರಿಗೆ ಆ ಸಂಗತಿಯೇ ನೆನಪಿರಲಿಲ್ಲ.

ನಮ್ಮ ಮನೆಗೇ ಬಾ ಎಂದು ಬರೆಯುವ ಬಾಯಿ ನನಗಿಲ್ಲ. ಬಂದರೆ ಬಾಗಿಲು ತೆರೆದೇ ಇರುತ್ತದೆ. ಫೌಜಿನಲ್ಲಿ ಕಲಿತ ಕೆಲಸಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಸಿಗುತ್ತದೆಂದು ಎಲ್ಲರೂ ಹೇಳುತ್ತಾರೆ, ನಿನಗೆ ಯಾವುದು ಸರಿ ಕಂಡರೆ ಅದನ್ನು ಮಾಡು. ನಿನ್ನ ಅತ್ತೆಗೆ ಮಾತ್ರ ಒಂದು ಸಲ ಮುಖ ತೋರಿಸು, ಅವಳು ಏನೂ ತಪ್ಪು ಮಾಡಿಲ್ಲ. ದೇವರು ನಿನ್ನನ್ನು ಕೈಕಾಲು ನೆಟ್ಟಗೆ ಊರಿಗೆ ಸೇರಿಸಲಿ. ಅತ್ತೆಯ ಆಶೀರ್ವಾದ, ನಿನ್ನ ಜೊತೆಯಲ್ಲಿರುವ ಹುಡುಗರಿಗೆಲ್ಲ ನಮ್ಮ ಹರಕೆ.

ಇಂತು ನಿನ್ನ ಮಾವ,
ಕೋದಂಡರಾಮಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ರಾಯಲ್ಪಾಡಿನಲ್ಲಿ ನಿಮ್ಮ ಪಕ್ಕದ ಮನೆಯ ಅಂಜಮ್ಮ ಹಬ್ಬಕ್ಕೆಂದು ಇಲ್ಲಿ ಮಗಳ ಮನೆಗೆ ಬಂದಿದ್ದಾಳೆ. ನಿನ್ನೆ ನಮ್ಮ ಮನೆಗೂ ಬಂದಳು. ಕೊನೆಯ ಮೂರು ದಿನ ನಿಮ್ಮಮ್ಮನ ಬಳಿ ಇದ್ದವಳು ಅವಳೇ. ನೀನು ನಿಮ್ಮಮ್ಮನಿಗೆ ಪೆಟ್ರೋಲಿನ ವಿಚಾರ ಒಂದು ಮಾತೂ ಹೇಳಿರಲಿಲ್ಲವಂತೆ. ಮಾವನ ಮನೆ ಬಿಟ್ಟು ಬಂದೆ ಎಂದಷ್ಟೇ ಹೇಳಿದೆಯಂತೆ. ಅನ್ನ ಹಾಕಿದವರ ಮೇಲೆ ಸಿಟ್ಟು ಮಾಡಿಕೊಂಡು ಬಂದ್ಯಾ, ವಾಪಸ್ಸು ಹೋಗೋವರೆಗೂ ನನಗೆ ಮುಖ ತೋರಿಸಬೇಡ ಎಂದು ಅವಳು ನಿನ್ನನ್ನು ಬೈದಳಂತೆ. ನೀನು ಮಾರನೇ ಬೆಳಿಗ್ಗೆ ಫೌಜಿಗೆ ಹೋದೆ. ತನ್ನ ಬಾಯಿಂದಲೇ ಮಗ ಯುದ್ಧಕ್ಕೆ ಹೋದ ಎಂದು ಅವಳು ಸಾಯುವವರೆಗೂ ನಂಬಿದ್ದಳು. “ಅಣ್ಣ ಬಂದ್ರೆ ಕೇಳ್ಬೇಕು, ಅವನಿಗಾದ್ರೂ ಗೊತ್ತಿರುತ್ತೆ ನಾನು ಬೈದದ್ದಕ್ಕೇ ಹೋದ್ನಾ ಅಂತ” ಎಂದು ಬಾಗಿಲ ಕಡೆಯೇ ನೋಡುತ್ತಿದ್ದಳಂತೆ. ಅದಕ್ಕೇ ನನ್ನನ್ನು ಕರೆಸಿದ್ದು. ಅದಕ್ಕೆ ಮುಂಚೆಯೂ ನಾನು ಹೋದಾಗಲೆಲ್ಲ ಇದನ್ನೇ ಕೇಳಬೇಕೆಂದಿದ್ದಳೇನೋ. ಅಂಜಮ್ಮನಿಗೆ ನಾನು ಎಲ್ಲವನ್ನೂ ಹೇಳಿಬಿಟ್ಟೆ, ನಿಜ ಕಾರಣ ನಾನು ಎಂದೆ. ಅವಳು ಎದ್ದು, ಸೆರಗು ಸರಿಮಾಡಿಕೊಂಡು, “ನನ್ನ ಹತ್ರ ಹೇಳಿ ಏನಪ್ಪಾ ಬಂತು? ಆ ಮಗೂಗೆ ಬರಿ” ಎಂದು ಹೊರಟುಹೋದಳು.